ಹಳೇ ಕಾರಿನ ಲೆಕ್ಕ ನಮ್ಮ ಕೈಯಾಗಿರ್ಲಿ

ಮನ್ಯಾಗ ಹಳೇ ಸಣ್ಣ ಕಾರು ಇದ್ದವರಿಗೆ ಎರಡು ಮಾತು ಕೇಳೂದು ತಪ್ಪೂದಿಲ್ಲ ನೋಡ್ರಿ. ಒಂದು, "ಇನ್ನೂ ಇದನ್ನ ಇಟ್ಕೊಂಡೀರೇನು?" ಇನ್ನೊಂದು, "ಕೊಡಬ್ಯಾಡ್ರಿ, ನಿಮ್ಮನಿಗೆ ಕೂಡಿಬಂದ ಗಾಡಿ ಅದು." ಮೊದಲನೇದು ಮಂಗಲ ಕಾರ್ಯಾಲಯದ ಗೇಟಿನಾಗ ಗಾಡಿ ನಿಂದರ್ಸೋ ಮುಂದ ಕೇಳ್ತದ, ಎರಡನೇದು ಖಂಡೇನವಮಿ ದಿವಸ ಗಾಡಿಗೆ ಕುಂಕುಮ ಹಚ್ಚೋ ಮುಂದ. ಒಂದು ನಾಚಿಕಿ ಮಾತು, ಇನ್ನೊಂದು ಪ್ರೀತಿ ಮಾತು. ಎರಡರಾಗೂ ಲೆಕ್ಕ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರ, ಹಳೇ ಕಾರು ಇಟ್ಕೋಬೇಕೋ ಕೊಡಬೇಕೋ ಅನ್ನೂದನ್ನ ಒಂದು ನೂರು ಪುಟದ ನೋಟ್‌ಬುಕ್ ಹೇಳಬೇಕು. ಆ ನೋಟ್‌ಬುಕ್ ಮನಿ ಹೆಣ್ಮಕ್ಕಳ ಕೈಯಾಗಿರಬೇಕು.

ಯಾಕ ನಮ್ಮ ಕೈಯಾಗ ಅಂತೀರೇನು? ಕಾರು ನಡಸವರು ಗಂಡಸರಿರಬಹುದು, ಮಕ್ಕಳಿರಬಹುದು. ಆದ್ರ ಕ್ಲಚ್ ಹೋತು ಅಂದ ತಿಂಗಳು ಕಿರಾಣಿ ಚೀಟಿ ಸಣ್ಣದು ಮಾಡೂದು ನಾವು. ಗ್ಯಾಸು, ಹಾಲು, ಲೈಟ್ ಬಿಲ್ಲು ಎಲ್ಲಾದರದ್ದೂ ಲೆಕ್ಕ ಇಡೋ ನಾವು ಕಾರಿನದು ಮಾತ್ರ "ಅದು ನಮಗ ತಿಳಿಯೂದಿಲ್ಲ" ಅಂತ ಯಾಕ ಬಿಡಬೇಕು? ಕುಕ್ಕರಿನ ಗ್ಯಾಸ್ಕೆಟ್ ಯಾವಾಗ ಬದಲಿ ಮಾಡಬೇಕು, ಮಿಕ್ಸರ್ ಯಾಕ ಸುಟ್ಟ ವಾಸನಿ ಬರ್ತದ ಅಂತ ತಿಳಿಯೋ ಹೆಣ್ಮಗಳಿಗೆ ಕಾರು ತಿಳಿಯೂದಿಲ್ಲ ಅನ್ನೂದು ಸುಳ್ಳು.

ನಮ್ಮ ಮನಿ ವಿಷಯ ಹೇಳ್ತೀನಿ. ನಮ್ಮದು 2009ರ ಸಣ್ಣ ಪೆಟ್ರೋಲ್ ಕಾರು. ನಮ್ಮನಿಯವರು ರಿಟೈರ್ ಆಗ್ಯಾರ. ಅತ್ತಿಯವರಿಗೆ ಎಪ್ಪತ್ತಾರು, ಎರಡೂ ಮೊಣಕಾಲು ಹೋಗ್ಯಾವ. ಆಟೋ ಹತ್ತಲಿಕ್ಕೆ ಅವರಿಗೆ ಆಗೂದಿಲ್ಲ, ಈಗಿನ ಎತ್ತರದ ಗಾಡಿ ಅಂತೂ ಕೇಳಬ್ಯಾಡ್ರಿ. ನಮ್ಮ ಕಾರಿನ ಮುಂದಿನ ಸೀಟು ಪೂರ್ತಿ ಹಿಂದ ಸರಿಸಿದ್ರ, ಮೊದಲ ಕೂತು ಆಮ್ಯಾಲೆ ಒಂದೊಂದ ಕಾಲು ಒಳಗ ತಗೋತಾರ. ಡಾಕ್ಟರ ಕಡೆ ಹೋಗ್ಲಿಕ್ಕೆ, ಶನಿವಾರ ನುಗ್ಗೀಕೇರಿ ಹನುಮಪ್ಪಗ ಹೋಗ್ಲಿಕ್ಕೆ ಇದ ಗಾಡಿ. ಪುಣೇದಾಗಿರೋ ಮಗ 2025ರ ಸಪ್ಟೆಂಬರ್‌ನಾಗ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳದ ಕೂಡ್ಲೇ ಫೋನ್ ಹಚ್ಚಿದ. "ಆಯಿ, ಈಗ ತಗೊಂಡುಬಿಡ್ರಿ. ಡೌನ್ ಪೇಮೆಂಟಿಗೆ ಆ ಎಫ್‌ಡಿ ಮುರೀರಿ, ಕಂತು ಅರ್ಧಾ ನಾ ಕಟ್ಟತೀನಿ" ಅಂದ. ಪ್ರೀತಿಲೇನ ಅಂದ. ಆದ್ರ ಆ ಎಫ್‌ಡಿ ಇಟ್ಟದ್ದು ಅತ್ತಿಯವರ ಮೊಣಕಾಲಿನ ಆಪರೇಷನ್ ಸಂಬಂಧ. ಅವರನ್ನ ಕರಕೊಂಡು ಹೋಗ್ಲಿಕ್ಕೆ ಹೊಸಾ ಕಾರು ಬೇಕು ಅಂತ ಅವರ ಕಾಲಿನ ರೊಕ್ಕಾನ ತಗಿಯೂದು ಯಾವ ಲೆಕ್ಕ? ಅವತ್ತ ನೋಟ್‌ಬುಕ್ ತಗದು ಎಲ್ಲಾರ ಮುಂದ ಇಟ್ಟೆ.

2024ರ ಪುಟದಾಗ ಹಿಂಗಿತ್ತು. ಆಯಿಲ್, ಫಿಲ್ಟರ್, ಪ್ಲಗ್ ಸೇರಿ ಸರ್ವೀಸಿಂಗ್ 3,800. ಬ್ಯಾಟರಿ 4,200. ಕ್ಲಚ್ ಸೆಟ್ಟು, ಮಜೂರಿ ಸೇರಿ 7,500. ರೇಡಿಯೇಟರ್ ಪೈಪು, ಥರ್ಮೋಸ್ಟಾಟ್, ಕೂಲಂಟ್ 3,600. ನಾಲ್ಕು ಟಾಯರ್ 13,200. ಇನ್ಶೂರನ್ಸ್ 2,900. ಹೊಗೆ ತಪಾಸಣಿ ಎರಡು ಸಲ 250. ಆರ್‌ಸಿ ನವೀಕರಣ, ಹಸಿರು ತೆರಿಗೆ, ಓಡಾಟ ಎಲ್ಲಾ ಹಿಡದು 6,400. ತಳದ ಜಂಗು ತಗಿಸಿ ಪಟ್ಟಿ ಹಚ್ಚಿಸಿದ್ದು 4,500. ಒಟ್ಟು 46,350. 2025ರ ಪುಟದಾಗ ಸರ್ವೀಸಿಂಗ್ 3,900, ಇನ್ಶೂರನ್ಸ್ 2,900, ಹೊಗೆ ತಪಾಸಣಿ 250, ಬ್ರೇಕ್ ಪ್ಯಾಡು ಮತ್ತ ಹಿಂದಿನ ಗಾಲಿಯ ಸಿಲಿಂಡರ್ 3,400, ಗಾಲಿ ಬೇರಿಂಗ್ 1,900, ವೈಪರ್, ಬಲ್ಬು ಅಂತ 650. ಒಟ್ಟು 13,000.

ಬರೇ 2024ರ ಪುಟ ನೋಡಿದವರು ಕಾರು ಮಾರಿಬಿಡ್ತಾರ. ಬರೇ 2025ರ ಪುಟ ನೋಡಿದವರು ಈ ಕಾರಿಗೆ ಸಾವ ಇಲ್ಲ ಅಂತಾರ. ಇಬ್ಬರದ್ದೂ ತಪ್ಪು. ಟಾಯರು, ಬ್ಯಾಟರಿ, ಕ್ಲಚ್ಚು ಇವು ವರ್ಷಾ ಬರೋ ಖರ್ಚಲ್ಲ, ಬಂದ್ರ ಒಮ್ಮೆಲೇ ಬರ್ತಾವ. ಅದಕ್ಕ ಎರಡು ವರ್ಷ ಕೂಡಿಸಿ ನೋಡಬೇಕು. ನಮ್ಮದು ಎರಡು ವರ್ಷಕ್ಕ 59,350. ತಿಂಗಳಿಗೆ ಎರಡೂವರಿ ಸಾವಿರದ ಒಳಗ ಬಂತು.

ಈಗ ಹೊಸಾದರ ಕಡೆ ಬರ್ರಿ. 5 ಲಕ್ಷ ಸಾಲಾ ತಗೊಂಡು, 9 ಪರ್ಸೆಂಟ್ ಬಡ್ಡಿ ಹಿಡದು, ಐದು ವರ್ಷ ಅಂದ್ರ ತಿಂಗಳಾ 10,379 ರೂಪಾಯಿ ಕಂತು. ತೀರೂದ್ರಾಗ 6 ಲಕ್ಷ 22 ಸಾವಿರದ ಮ್ಯಾಲೆ ಕಟ್ಟಿರ್ತೀವಿ. ಕರ್ನಾಟಕದಾಗ ಕಾರಿನ ಬೆಲಿ 5 ಲಕ್ಷದ ತನಕ ಇದ್ರ 13 ಪರ್ಸೆಂಟ್, 10 ಲಕ್ಷದ ತನಕ 14 ಪರ್ಸೆಂಟ್ ರೋಡ್ ಟ್ಯಾಕ್ಸ್ ಬ್ಯಾರೆ, ಅದರ ಮ್ಯಾಲೆ ಸೆಸ್ಸು. ನಮ್ಮ ಎರಡು ವರ್ಷದ ಪೂರ್ತಿ ಖರ್ಚಿನಾಗ ಆರು ತಿಂಗಳ ಕಂತೂ ಮುಟ್ಟೂದಿಲ್ಲ. ಪೆಟ್ರೋಲು ಎರಡಕ್ಕೂ ಬೇಕ ಬೇಕು, ಹೊಸಾದಕ್ಕ ಒಂಚೂರು ಕಡಿಮಿ ಇರಬಹುದು. ಹೊಸಾ ಕಾರಿಗೆ ಐದು ವರ್ಷ ಆದ್ಮ್ಯಾಲೂ ಒಂದು ಬೆಲಿ ಉಳೀತದ, ಅದೂ ಖರೇ. ಆದ್ರ ಆ ಬೆಲಿ ಕೈಗೆ ಬರೂದು ಮಾರಿದಾಗ, ಅತ್ತಿಯವರ ಆಪರೇಷನ್ ಬಂದಾಗಲ್ಲ.

ಇಷ್ಟು ಹೇಳಿದ್ದಕ್ಕ ಹಳೇ ಕಾರು ಅಂದ್ರ ಸೋವಿ ಅಂತ ತಿಳ್ಕೋಬ್ಯಾಡ್ರಿ. ಕಾಳಜಿ ಮಾಡಿದವರಿಗೆ ಅಷ್ಟ ಅದು ಸೋವಿ. ಇಷ್ಟು ವರ್ಷದಾಗ ನಾ ಕಂಡುಕೊಂಡ ಒಂದು ಮಾತು ಹೇಳ್ತೀನಿ: ಹಳೇ ಕಾರಿನ್ಯಾಗ ಸಪ್ಪಳ ಮಾಡೋ ರೋಗ ಬಹುತೇಕ ಸಣ್ಣವು, ಸಪ್ಪಳ ಮಾಡದಿದ್ದವ ದೊಡ್ಡವು.

ಸಪ್ಪಳದವು ಮೊದಲ ನೋಡ್ರಿ. ಮುಂಜಾನೆ ಚಾಲೂ ಮಾಡಿದ ಕೂಡ್ಲೇ "ಚೀಂಯ್" ಅಂದು ಸುಮ್ಮನಾದ್ರ ಬೆಲ್ಟ್ ಸಡಲಾಗಿರ್ತದ ಇಲ್ಲಾ ಒಣಗಿರ್ತದ. ಹಂಪಿನ ಮ್ಯಾಲೆ "ಕಟಕ್" ಅಂದ್ರ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸವದಾವ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ "ಕಟ ಕಟ ಕಟ" ಅಂದ್ರ ಗಾಲಿಗೆ ಹೋಗೋ ಆಕ್ಸಲ್ಲಿನ ಜಾಯಿಂಟು. ಆ ಜಾಯಿಂಟಿನ ಮ್ಯಾಲಿನ ರಬ್ಬರ್ ಬೂಟು ಹರದು, ಗ್ರೀಸ್ ಹೋಗಿ, ಧೂಳು ಹೊಕ್ಕಿರ್ತದ. ಬೂಟು ಹರದಾಗಲೇ ಬದಲಿ ಮಾಡ್ಸಿದ್ರ ನೂರರ ಲೆಕ್ಕದಾಗ ಮುಗೀತದ, ಜಾಯಿಂಟ್ ಹೋಗೋತನಕ ಬಿಟ್ರ ಸಾವಿರದ ಲೆಕ್ಕ. ಬ್ರೇಕ್ ಹಿಡದಾಗ "ಕೀಂಯ್" ಅಂದ್ರ ಪ್ಯಾಡ್ ಸವದಾವ ಅಂತ. ಅದನ್ನ ಮಾತ್ರ ನಾಳೆ ನೋಡೋಣ ಅನಬ್ಯಾಡ್ರಿ, ಜೀವದ ಮಾತು. ವೇಗ ಹೆಚ್ಚಾದಂಗ "ಗುಂಯ್" ಅನ್ನೂದು ಹೆಚ್ಚಾದ್ರ ಗಾಲಿ ಬೇರಿಂಗ್ ಇರಬಹುದು.

ಈ "ಗುಂಯ್" ಸಪ್ಪಳಕ್ಕ ಒಂದು ಗ್ಯಾರೇಜಿನವರು ನಮಗ ಗಿಯರ್ ಬಾಕ್ಸ್ ಇಳಸಬೇಕು, ಹದಿನಾಕು ಸಾವಿರ ಅಂದಿದ್ರು. ನೋಟ್‌ಬುಕ್ಕಿನ್ಯಾಗ ಬರಕೊಂಡು ಇನ್ನೊಬ್ಬ ಮಿಸ್ತ್ರಿ ಕಡೆ ಒಯ್ದ್ವಿ. ಅಂವಾ ಜ್ಯಾಕ್ ಹಚ್ಚಿ, ಗಾಲಿ ಎತ್ತಿ, ಕೈಲೆ ತಿರುವಿ ತೋರ್ಸಿದ. ನಮಗೂ ಕೇಳಿಸ್ತು. 1,900ರಾಗ ಮುಗೀತು. ಅದಕ್ಕ ಐದು ಸಾವಿರದ ಮ್ಯಾಲಿನ ಕೆಲಸ ಯಾವುದ ಇರ್ಲಿ, ಇಬ್ಬರಿಗೆ ತೋರಸ್ರಿ. ತಗದ ಹಳೇ ಸಾಮಾನು ಕೇಳಿ ಇಸ್ಕೊಳ್ರಿ. ಬಿಲ್ಲಿನ್ಯಾಗ ಸಾಮಾನಿನ ರೊಕ್ಕ ಬ್ಯಾರೆ, ಮಜೂರಿ ಬ್ಯಾರೆ ಬರಸ್ರಿ. ಬ್ಲೌಸ್ ಹೊಲಿಯಾಕ ಕೊಟ್ಟಾಗ ಉಳದ ಬಟ್ಟಿ ಕೇಳೂದಿಲ್ಲೇನು ನಾವು? ಅಷ್ಟ.

ಇನ್ನ ಸಪ್ಪಳ ಇಲ್ಲದವು. ಮೊದಲನೇದು ಕೂಲಂಟ್. ಎಂಜಿನ್ ತಂಪಿಡೋ ಬಣ್ಣದ ನೀರು ಅದು. ಕಡಿಮಿ ಆದಂಗ ಬರೇ ನಳದ ನೀರು ಸುರುವಿಕೋತ ಹೋದ್ರ ಒಳಗ ಜಂಗು ಹಿಡೀತದ, ನಮ್ಮ ಗಡಸು ನೀರಿಗೆ ಗೀಸರಿನ ಕಾಯಿಲ್ ಹೆಂಗ ಬಿಳೀ ಪದರು ಕಟ್ತದೋ ಹಂಗ ರೇಡಿಯೇಟರೂ ಕಟ್ತದ. ರಬ್ಬರ್ ಪೈಪು ಹಳೇವಾಗಿ ಬಿರಕಾಗ್ತಾವ. ಶಿವರಾತ್ರಿ ಕಳದು ಬಿಸಲು ಏರಿದ ಮ್ಯಾಲೆ ಇಲ್ಲಾ ಅರಬೈಲ್ ಘಟ್ಟ ಹತ್ತೋ ಮುಂದ ಇದು ಒಮ್ಮೆಲೇ ಹೊರಗ ಬೀಳ್ತದ. ಡ್ಯಾಶ್‌ಬೋರ್ಡಿನ ಉಷ್ಣದ ಮುಳ್ಳು ನೋಡೂದು ನಡಸವರ ಕೆಲಸ ಅಷ್ಟ ಅಲ್ಲ, ಬಾಜೂಕ ಕೂತ ನಮ್ಮದೂ ಹೌದು. ಮುಳ್ಳು ಏರಿದ್ರ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಹಚ್ಚಿ, ಗಾಡಿ ಬದಿಗೆ ಹಾಕಿ ಎಂಜಿನ್ ಬಂದ್ ಮಾಡ್ರಿ. ಬಿಸಲಾಗ ಹೀಟರ್ ಯಾಕ ಅಂದ್ರ, ಅದು ಎಂಜಿನ್ನಿನ ಕಾವು ಜಗ್ಗಿ ಹೊರಗ ಹಾಕ್ತದ. ಬಿಸಿ ಇದ್ದಾಗ ರೇಡಿಯೇಟರಿನ ಮುಚ್ಚಳ ಮುಟ್ಟಬ್ಯಾಡ್ರಿ. ಸೀಟಿ ಹೊಡಿಯೋ ಕುಕ್ಕರಿನ ಮುಚ್ಚಳ ತಗೀತೀವೇನು? "ಇನ್ನೇನು ಊರು ಬಂತು" ಅಂತ ಹಂಗ ಓಡಿಸಿದ್ರ ಹೆಡ್ ಗ್ಯಾಸ್ಕೆಟ್ ಸುಡ್ತದ, ಎಂಜಿನ್ ಬಿಚ್ಚಬೇಕಾಗ್ತದ. ಸಾವಿರದ ಪೈಪಿನ ಸಂಬಂಧ ಕಾರಿನಷ್ಟ ಬೆಲಿಯ ಕೆಲಸ ಬೆನ್ನಿಗೆ ಬೀಳ್ತದ.

ಎರಡನೇದು ಟೈಮಿಂಗ್ ಬೆಲ್ಟ್. ಕೆಲವು ಕಾರಿಗೆ ಬೆಲ್ಟಿನ ಬದಲಿ ಚೈನ್ ಇರ್ತದ, ನಿಮ್ಮದು ಯಾವುದು ಅಂತ ಕಾರಿನ ಪುಸ್ತಕದಾಗ ನೋಡ್ರಿ. ಬೆಲ್ಟ್ ಇದ್ರ ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕ ಬದಲಿ ಅಂತಲೂ ಅಲ್ಲೇ ಇರ್ತದ. ಇದು ಹರಿಯೋಕಿಂತ ಮೊದಲ ಏನೂ ಹೇಳೂದಿಲ್ಲ. ಹರದ್ರ ಗಾಡಿ ನಿಂತಲ್ಲೇ ನಿಲ್ತದ, ಕೆಲವು ಎಂಜಿನ್ನಿನಾಗ ವಾಲ್ವೂ ಬಾಗ್ತಾವ.

ಮೂರನೇದು ಬ್ರೇಕ್ ಆಯಿಲ್. ಮುಚ್ಚಳಾ ತಗದಿಟ್ಟ ಉಪ್ಪಿನಂಗ ಅದು ಗಾಳಿಯೊಳಗಿನ ತ್ಯಾವ ಹೀರ್ತದ. ಎರಡು ವರ್ಷಕ್ಕೊಮ್ಮೆ ಬದಲಿ ಮಾಡಸ್ರಿ. ನಾಲ್ಕನೇದು ಟಾಯರಿನ ವಯಸ್ಸು. ನಮ್ಮಂಥ ರಿಟೈರ್ ಆದವರ ಗಾಡಿ ವರ್ಷಕ್ಕ ನಾಲ್ಕೈದು ಸಾವಿರ ಕಿಲೋಮೀಟರ್ ಸುದ್ದಾ ಓಡೂದಿಲ್ಲ, ಟಾಯರಿನ ಗೀರು ಹಂಗ ಇರ್ತಾವ, "ಇನ್ನೂ ಹೊಸಾ ಇದ್ದಂಗ ಅವ" ಅಂತಾರ. ಆದ್ರ ರಬ್ಬರ್ ಒಣಗಿ ಗಡಸಾಗಿರ್ತದ. ಟಾಯರಿನ ಬದಿಗೆ ಡಿಒಟಿ ಅಂತ ಬರದಿದ್ದ ಸಾಲಿನ ಕಡೀ ನಾಲ್ಕು ಅಂಕಿ ನೋಡ್ರಿ. 2319 ಅಂತಿದ್ರ 2019ರ 23ನೇ ವಾರದಾಗ ಮಾಡಿದ್ದು ಅಂತ ಅರ್ಥ. ಹಾಲಿನ ಪಾಕೀಟಿನ ತಾರೀಖು ನೋಡೋ ಕಣ್ಣಿಗೆ ಇದೇನು ದೊಡ್ಡದಲ್ಲ. ಐದಾರು ವರ್ಷ ದಾಟಿದ್ರ ಪ್ರತಿ ವರ್ಷ ತೋರಸ್ರಿ, ಬಿರಕು ಕಂಡ್ರ ಬದಲಿ ಮಾಡಸ್ರಿ.

ಐದನೇದು ಜಂಗು. ಗಿಡದ ಬುಡಕ ಗಾಡಿ ನಿಂದರ್ಸವರು ಕೇಳ್ರಿ. ಮುಂದಿನ ಗಾಜಿನ ಬುಡಕ್ಕ ಎಲಿ ಬಿದ್ದು ನೀರು ಹರಿಯೋ ತೂತು ಕಟ್ಕೋತದ, ಮಳಿ ನೀರು ಒಳಗ ಇಳದು ಕಾಲಡಿ ಕಾರ್ಪೆಟ್ ಹಸಿ ಆಗ್ತದ, ಕೆಳಗಿನ ತಗಡು ಸುಮ್ಮನ ತಿಂದುಹೋಗ್ತದ. ಮಳಿಗಾಲದಾಗ ವಾರಕ್ಕೊಮ್ಮೆ ಕಾರ್ಪೆಟ್ ಎತ್ತಿ ಕೈ ಆಡಸ್ರಿ, ಮುಗ್ಗಲ ವಾಸನಿ ಬಂದ್ರ ನೀರು ಎಲ್ಲಿಂದ ಅಂತ ಹುಡಕಸ್ರಿ. ಮತ್ತ, ನಿಂತ ಗಾಡಿಗೆ ರೋಗ ಹೆಚ್ಚು. ಬ್ಯಾಟರಿ ಇಳೀತದ, ಇಲಿ ವೈರ್ ಕಡೀತದ. ವಾರದಾಗ ಒಂದೆರಡು ಸಲ ಅರ್ಧಾ ತಾಸು ಓಡಸ್ರಿ. ಅಂಗಳದಾಗ ಚಾಲೂ ಮಾಡಿ ಎರಡು ನಿಮಿಷಕ್ಕ ಬಂದ್ ಮಾಡಿದ್ರ ಬ್ಯಾಟರಿ ತುಂಬೂದಿಲ್ಲ, ಇನ್ನಷ್ಟು ಇಳೀತದ.

ಪೆಟ್ರೋಲಿನ ಮಾತೂ ಅದ. ಈಗ ಪಂಪಿನಾಗ ಸಿಗೋ ಪೆಟ್ರೋಲಿನಾಗ 20 ಪರ್ಸೆಂಟ್ ಎಥನಾಲ್. ಹಳೇ ಕಾರು ಅದಕ್ಕಂತ ಮಾಡಿದ್ದಲ್ಲ. ಮೈಲೇಜ್ ಸ್ವಲ್ಪ ಇಳೀತದ, ಇಂಧನದ ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್ ಲಗೂನ ಬದಲಿ ಮಾಡಬೇಕಾಗಬಹುದು ಅಂತ ಸರ್ಕಾರದವರ ಹೇಳ್ಯಾರ. ಹೆದರಬ್ಯಾಡ್ರಿ, ಆದ್ರ ಸರ್ವೀಸಿಂಗಿಗೆ ಬಿಟ್ಟಾಗ ಆ ಪೈಪು ನೋಡ್ರಿ ಅಂತ ಬಾಯಿಬಿಟ್ಟು ಹೇಳ್ರಿ. ಗಾಡಿಯೊಳಗ ಪೆಟ್ರೋಲ್ ವಾಸನಿ ಬಂದ್ರ ಅವತ್ತ ತೋರಸ್ರಿ.

ಕಾಗದಪತ್ರದ ಗೊಂದಲ ಭಾಳ ಮಂದಿಗೆ ಅದ. "ಹದಿನೈದು ವರ್ಷ ಆದ ಗಾಡಿ ಬಂದ್ ಅಂತಲ್ರೀ ವೈನಿ?" ಅಂತ ಬಾಜೂಮನಿಯಾಕಿನೂ ಕೇಳಿದ್ಲು. ಡೀಸೆಲ್ ಹತ್ತು ವರ್ಷ, ಪೆಟ್ರೋಲ್ ಹದಿನೈದು ವರ್ಷ ಅನ್ನೋ ಆ ಕಟ್ಟಪ್ಪಣಿ ದಿಲ್ಲಿ ಸುತ್ತಮುತ್ತಲಿಂದು, ಹಸಿರು ನ್ಯಾಯಮಂಡಳಿ 2015ರಾಗ ಮಾಡಿದ್ದು, 2018ರಾಗ ಸುಪ್ರೀಂ ಕೋರ್ಟೂ ಎತ್ತಿ ಹಿಡೀತು. ನಮ್ಮ ಕರ್ನಾಟಕದ ಮನಿ ಗಾಡಿಗೆ ಹಂಗ ವಯಸ್ಸಿನ ಬಂದಿ ಇಲ್ಲ. ಹದಿನೈದು ವರ್ಷ ಆದ್ಮ್ಯಾಲೆ ಆರ್‌ಟಿಓದಾಗ ಗಾಡಿ ತೋರ್ಸಿ, ಪಾಸಾದ್ರ ಐದು ವರ್ಷಕ್ಕ ಆರ್‌ಸಿ ನವೀಕರಣ. 2022ರ ಏಪ್ರಿಲ್ಲಿನಿಂದ ಇದರ ಫೀ 5,000. ತಡಾ ಮಾಡಿದ್ರ ತಿಂಗಳಾ 500 ದಂಡ, ಅದಕ್ಕ ತಾರೀಖು ಕ್ಯಾಲೆಂಡರಿನ್ಯಾಗ ಗುರ್ತು ಮಾಡಿ ಇಡ್ರಿ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನ್ಯಾಗ ಫೀ 10,000 ಮಾಡ್ಯಾರ. ನಮ್ಮದಕ್ಕ 2029ರಾಗ ಇಪ್ಪತ್ತು ತುಂಬ್ತದ, ಆಗ ಈ ಹತ್ತು ಸಾವಿರಾನೂ ಲೆಕ್ಕಕ್ಕ ಹಿಡದ ವಿಚಾರ ಮಾಡೋದು. ಇನ್ಶೂರನ್ಸಿನ್ಯಾಗ ಥರ್ಡ್ ಪಾರ್ಟಿ ಕಡ್ಡಾಯ. 2022ರ ಜೂನಿನ್ಯಾಗ ಗೊತ್ತು ಮಾಡಿದ ದರದ ಪ್ರಕಾರ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕ 2,094, ಅದರ ಮ್ಯಾಲೆ 1500 ಸಿಸಿ ತನಕ 3,416, ಜಿಎಸ್‌ಟಿ ಬ್ಯಾರೆ. ಮಾಲೀಕರ 15 ಲಕ್ಷದ ಅಪಘಾತ ವಿಮಾ ಬಿಡಬ್ಯಾಡ್ರಿ. ಗಾಡಿ ಹಳೇದಾಗಿರಬಹುದು, ನಡಸವರ ಜೀವ ಹಳೇದಲ್ಲ.

ಈ ಜೀವದ ಮಾತಿಗೇ ಮಗ ನನ್ನನ್ನ ಹಿಡದ. "ಆಯಿ, ಅದರಾಗ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ" ಅಂದ. ಇದಕ್ಕ ನನ್ನ ನೋಟ್‌ಬುಕ್ಕಿನ್ಯಾಗ ಉತ್ತರ ಇಲ್ಲ, ಅಂವಾ ಹೇಳೂದು ಖರೇನ. ನಮ್ಮ ದೇಶದಾಗ ಡ್ರೈವರಿನ ಏರ್‌ಬ್ಯಾಗ್, ಎಬಿಎಸ್ ಎಲ್ಲಾ ಕಾರಿಗೂ ಕಡ್ಡಾಯ ಆಗಿದ್ದು 2019ರಾಗ, ಅದಕ್ಕಿಂತ ಹಳೇ ಸಣ್ಣ ಕಾರಿನಾಗ ಬಹುತೇಕ ಇರೂದಿಲ್ಲ. ಅದಕ್ಕ ಮನ್ಯಾಗ ಎಲ್ಲಾರೂ ಕೂಡಿ ಒಂದು ಕಟ್ಟಳಿ ಮಾಡಿಕೊಂಡೇವಿ. ಈ ಕಾರು ಹುಬ್ಬಳ್ಳಿ-ಧಾರವಾಡದ ಒಳಗ ಅಷ್ಟ. ಹೈವೇದಾಗ ದೂರದ ಊರಿಗೆ, ರಾತ್ರಿ ಹೊತ್ತು ತಗಿಯೂದಿಲ್ಲ. ಮದವಿ, ಮುಂಜವಿ ಅಂತ ಬೆಂಗಳೂರು, ಬೆಳಗಾವಿ ಹೋಗೂದಿದ್ರ ರೈಲು, ಬಸ್ಸು, ಇಲ್ಲಾ ಬಾಡಿಗಿ ಗಾಡಿ. ಬೆಲ್ಟ್ ಹಾಕದ ಯಾರೂ ಕೂಡೂದಿಲ್ಲ, ಹಿಂದಿನವರೂ ಹಾಕಬೇಕು. ದಿನಾ ಹೈವೇ ಮ್ಯಾಲೆ ಓಡಾಡೋ ನೌಕರಿಯವರ ಮನ್ಯಾಗ, ಸಣ್ಣ ಕೂಸು ಇದ್ದವರ ಮನ್ಯಾಗ ನನ್ನ ಲೆಕ್ಕ ನಡಿಯೂದಿಲ್ಲ. ಅವರು ಏರ್‌ಬ್ಯಾಗ್ ಇದ್ದ ಗಾಡಿನ ತಗೋಬೇಕು, ಸಾಲಾ ಆದ್ರೂ ಸೈ.

ಹಂಗಾರ ಯಾವಾಗ ಕೊಡೂದು? ಅದನ್ನೂ ನೋಟ್‌ಬುಕ್ಕಿನ ಮೊದಲನೇ ಪುಟದಾಗ ಬರದಿಟ್ಟೇನಿ, ಯಾಕಂದ್ರ ಗಾಡಿ ಕೆಟ್ಟು ನಿಂತಾಗ ಸಿಟ್ಟಿಲೆ ಒಂದು ಅಂತೀವಿ, ರಿಪೇರಿ ಆದ ಮ್ಯಾಲೆ ಪ್ರೀತಿಲೆ ಇನ್ನೊಂದು ಅಂತೀವಿ. ಎರಡು ವರ್ಷದ ಸರಾಸರಿ ಖರ್ಚು ಹೊಸಾ ಕಾರಿನ ಕಂತಿನ ಅರ್ಧಾ ದಾಟಿದ್ರ ಕೊಡೂದು. ಎಂಜಿನ್ ಬಿಚ್ಚೋ ಕೆಲಸ ಬಂದ್ರ, ಇಲ್ಲಾ ಜಂಗು ತಳದ ತೊಲಿಗೆ ಮುಟ್ಟಿದ್ರ ಕೊಡೂದು. ಒಂದ ವರ್ಷದಾಗ ಎರಡು ಸಲ ಅತ್ತಿಯವರನ್ನ ದಾರ್ಯಾಗ ಕೂಡಿಸಿಕೊಂಡು ನಿಂತ್ರ, ರೊಕ್ಕ ಎಷ್ಟರ ಇರ್ಲಿ, ಕೊಡೂದು.

ಕೊಡೋ ಮುಂದ ಒಂದು ಮಾತು ನೆನಪಿಡ್ರಿ. "ಕಾಗದ ಆಮ್ಯಾಲೆ ಮಾಡ್ಕೋತೀನ್ರಿ" ಅಂದವಗ ಕೀಲಿ ಕೊಡಬ್ಯಾಡ್ರಿ. ಫಾರ್ಮ್ 29, ಫಾರ್ಮ್ 30 ತುಂಬಿ ಆರ್‌ಸಿ ಅವನ ಹೆಸರಿಗೆ ಆಗೋತನಕ ಆ ಗಾಡಿ ಮಾಡಿದ ಅಪಘಾತದ ಕೇಸು ನಮ್ಮ ಮನಿ ಬಾಗಿಲಿಗೇ ಬರ್ತದ. ಮೋಡಕಾದವನಿಗೆ ತೂಕಕ್ಕ ಹಾಕೋ ಬದಲಿ ಸರ್ಕಾರದ ನೋಂದಣಿ ಇರೋ ಸ್ಕ್ರ್ಯಾಪ್ ಕೇಂದ್ರಕ್ಕ ಕೊಟ್ಟು, ಅವರ ಸರ್ಟಿಫಿಕೇಟ್ ಇಸ್ಕೊಂಡು, ಆರ್‌ಸಿ ರದ್ದು ಮಾಡ್ಸಿಬಿಟ್ರ ಮನಿಗೆ ನಿಶ್ಚಿಂತಿ.

ಮಗ ನೋಟ್‌ಬುಕ್ಕಿನ ಫೋಟೋ ತರಿಸಿಕೊಂಡು ನೋಡಿದ. ಎಫ್‌ಡಿ ಮಾತು ಆಮ್ಯಾಲೆ ತಗೀಲಿಲ್ಲ. ಕಂತಿಗಂತ ಕೊಡತೀನಿ ಅಂದಿದ್ದ ರೊಕ್ಕದಾಗ ತಿಂಗಳಾ ಎರಡು ಸಾವಿರ ಅಜ್ಜಿ ಹೆಸರಿಗೆ ಆರ್‌ಡಿ ಕಟ್ಟಲಿಕ್ಕೆ ಶುರು ಮಾಡ್ಯಾನ. ನಿಮ್ಮ ಮನ್ಯಾಗೂ ಹಳೇ ಗಾಡಿ ಇದ್ರ ಈ ತಿಂಗಳಿಂದನ ಒಂದು ಪುಟ ಶುರು ಮಾಡ್ರಿ. ಎಡಕ್ಕ ತಾರೀಖು, ನಡಬರಕ ಏನು ಕೆಲಸ, ಬಲಕ್ಕ ರೊಕ್ಕ, ಕೆಳಗ ಮೀಟರಿನ್ಯಾಗಿನ ಕಿಲೋಮೀಟರ್. ಒಂದು ವರ್ಷ ಆದ್ಮ್ಯಾಲೆ ಮನ್ಯಾಗ ಯಾರರ "ಇನ್ನೂ ಇದನ್ನ ಇಟ್ಕೊಂಡೀರೇನು" ಅಂದ್ರ, ನೀವು ಏನೂ ಹೇಳೂದು ಬ್ಯಾಡ, ಆ ಪುಟ ತಗದು ಮುಂದ ಇಡ್ರಿ.